ಸಾಕು ಎನ್ನುವುದು ಸಾಕಿದವರ ಕೆಲಸ

ಪುಣೆಯ ಟೇಕಡಿಗಳಲ್ಲಿ ಎಂಟಿಬಿ ತುಳಿಯುವವರ ನಡುವೆ ಮೂರ್ನಾಲ್ಕು ವರ್ಷಗಳಿಂದ ಒಂದು ತಕರಾರು ಮುಗಿಯದೆ ಉಳಿದಿದೆ. ಎಂಟಿಬಿ ಎಂದರೆ ಮೌಂಟನ್ ಬೈಕ್, ಗುಡ್ಡದ ಕಲ್ಲುದಾರಿಗೆಂದೇ ಮಾಡಿದ ದಪ್ಪ ಚಕ್ರದ ಸೈಕಲ್. ತಕರಾರು ಇರುವುದು ನಾಯಿಯ ಬಗ್ಗೆ. ಭಾನುವಾರ ಬೆಳಗ್ಗೆ ಗುಂಪು ಹೊರಟಾಗ ಮನೆಯ ನಾಯಿಯನ್ನೂ ಜೊತೆಗೆ ಓಡಿಸಿಕೊಂಡು ಬರಬಹುದೇ ಎಂಬ ಪ್ರಶ್ನೆಗೆ ನಮ್ಮಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷ, ಓಡುವುದು ನಾಯಿಯ ಹುಟ್ಟುಗುಣ, ಅದರ ಮುಖದ ಖುಷಿ ನೋಡಿದರೆ ಗೊತ್ತಾಗುವುದಿಲ್ಲವೇ ಎನ್ನುತ್ತದೆ. ಇನ್ನೊಂದು ಪಕ್ಷ ಇದನ್ನು ಕ್ರೌರ್ಯ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಇವರಲ್ಲಿ ಹೆಚ್ಚಿನವರು ನಾಯಿ ಸಾಕಿದವರಲ್ಲ ಎಂಬುದನ್ನೂ ಹೇಳಿಬಿಡಬೇಕು.

ನನ್ನ ಅಭಿಪ್ರಾಯ ಎರಡೂ ಪಕ್ಷಗಳಿಗೆ ರುಚಿಸಿಲ್ಲ. ನಾಯಿಯನ್ನು ಗುಡ್ಡಕ್ಕೆ ಕರೆದುಕೊಂಡು ಹೋಗಬೇಕು, ಸೈಕಲ್ಲೂ ಇರಲಿ. ಆದರೆ ನಾಯಿ ಜೊತೆಗಿದ್ದ ದಿನ ನಮ್ಮ ರೈಡ್ ರದ್ದಾಯಿತು ಎಂದೇ ತಿಳಿಯಬೇಕು. ಆ ದಿನ ಹೋಗುವುದು ನಾಯಿಯ ತಿರುಗಾಟಕ್ಕೆ, ನಾವು ಅದರ ಹಿಂದೆ ಸೈಕಲ್ ತಳ್ಳಿಕೊಂಡು ಹೋಗುವವರು. ಇಷ್ಟಕ್ಕೆ ಒಪ್ಪದಿದ್ದರೆ ನಾಯಿ ಮನೆಯಲ್ಲೇ ಇರಲಿ.

ಈ ಹವ್ಯಾಸ ನಮಗೆ ಬಂದದ್ದು ಮೊಬೈಲಿನಿಂದ. ಕೆನಡಾದ ವಿಸ್ಲರ್, ಸ್ಕಾಟ್ಲೆಂಡಿನ ಬೆಟ್ಟಗಳು, ಅಮೆರಿಕದ ವಾಯವ್ಯ ಮೂಲೆಯ ಕಾಡುಗಳಿಂದ ಬರುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಎತ್ತರದ ಮರಗಳ ನಡುವೆ ಒದ್ದೆ ಮಣ್ಣಿನ ಇಳಿಜಾರು. ಸವಾರ ಹಾರುತ್ತಾನೆ, ಹಿಂದೆಯೇ ಕಪ್ಪುಬಿಳುಪಿನ ಕಾಲಿ ನಾಯಿ ಹಾರುತ್ತದೆ. ಮೂವತ್ತು ಸೆಕೆಂಡಿನಲ್ಲಿ ವಿಡಿಯೋ ಮುಗಿಯುತ್ತದೆ. ಆ ಮಣ್ಣು ಯಾಕೆ ಒದ್ದೆ, ಆ ನೆರಳು ಎಷ್ಟು ದಟ್ಟ, ಆ ಬೆಳಗ್ಗೆ ಉಷ್ಣಾಂಶ ಎಷ್ಟಿತ್ತು ಎಂಬುದು ಅದರಲ್ಲಿ ಇರುವುದಿಲ್ಲ. ಯುರೋಪಿನಲ್ಲಿ ನಾಯಿಯ ಮೈಗೆ ಪಟ್ಟಿ ಕಟ್ಟಿ ಸೈಕಲ್ಲಿನ ಮುಂದೆ ಓಡಿಸುವ ಬೈಕ್‌ಜೋರಿಂಗ್ ಎಂಬ ಆಟವೇ ಇದೆ. ಹಿಮದ ಮೇಲೆ ಗಾಡಿ ಎಳೆಯುವ ನಾಯಿಗಳಿಗೆ ಹಿಮವಿಲ್ಲದ ತಿಂಗಳುಗಳಲ್ಲಿ ಅಭ್ಯಾಸ ತಪ್ಪಬಾರದೆಂದು ಬೆಳೆದ ಆಟ ಅದು. ಪಂದ್ಯಗಳೆಲ್ಲ ಹೆಚ್ಚಾಗಿ ಚಳಿ ಶುರುವಾದ ಮೇಲೆ. ನಾವು ಅಲ್ಲಿಂದ ಸೈಕಲ್ ತರಿಸಿಕೊಂಡೆವು, ನಾಯಿಯ ತಳಿ ತರಿಸಿಕೊಂಡೆವು, ವಿಡಿಯೋ ಕೂಡ ತರಿಸಿಕೊಂಡೆವು. ಹವೆ ಬರಲಿಲ್ಲ.

ನಮ್ಮಲ್ಲೂ ವಾಹನದ ಜೊತೆ ನಾಯಿ ಓಡುವ ಹಳೆಯ ರೂಢಿ ಇತ್ತಲ್ಲ ಎಂದು ಗೆಳೆಯರೊಬ್ಬರು ವಾದಿಸಿದರು. ಇತ್ತು. ಬಂಡಿಯ ಕೆಳಗೆ ಓಡುವ ನಾಯಿ ತಾನೇ ಬಂಡಿ ಎಳೆಯುತ್ತಿದ್ದೇನೆ ಅಂದುಕೊಂಡಿತಂತೆ ಎಂಬ ಗಾದೆಯನ್ನು ನಾವೆಲ್ಲ ಕೇಳಿ ಬೆಳೆದವರು, ಯಾರನ್ನಾದರೂ ಹಂಗಿಸಬೇಕಾದಾಗ ಬಳಸಿದವರು. ಆದರೆ ಗಾದೆಯ ನಾಯಿಯನ್ನು ಒಮ್ಮೆ ಸರಿಯಾಗಿ ನೋಡಿ. ಅದು ಬಂಡಿಯ ಹಿಂದೆ ಇಲ್ಲ, ಮುಂದೆ ಇಲ್ಲ, ಕೆಳಗಿದೆ. ಕೆಳಗೆ ನೆರಳಿದೆ. ಹೋಗುವುದು ಎತ್ತಿನ ಹೆಜ್ಜೆಗೆ, ಅಂದರೆ ಮನುಷ್ಯ ನಡೆಯುವಷ್ಟೇ ವೇಗಕ್ಕೆ. ಎತ್ತುಗಳು ನಿಂತಲ್ಲಿ ನಿಲ್ಲುತ್ತದೆ, ನೀರು ಕುಡಿದಲ್ಲಿ ಕುಡಿಯುತ್ತದೆ. ಅಷ್ಟು ಬುದ್ಧಿವಂತ ಏರ್ಪಾಟು ಇವತ್ತಿನ ಯಾವ ಸೈಕಲ್ ಗುಂಪಿನಲ್ಲೂ ಇಲ್ಲ.

ಪುಣೆಯಿಂದ ಹತ್ತಿರದ ಜೇಜುರಿಗೆ ಹೋದವರಿಗೆ ಇನ್ನೊಂದು ಚಿತ್ರ ನೆನಪಿರುತ್ತದೆ. ಕುದುರೆ ಏರಿದ ಖಂಡೋಬಾ, ಕುದುರೆಯ ಕಾಲ ಬಳಿ ನಾಯಿ. ನಮ್ಮ ಮೈಲಾರಲಿಂಗನೇ ಇಲ್ಲಿ ಖಂಡೋಬಾ. ಅಲ್ಲಿಯ ಗೊರವಯ್ಯಗಳು, ಇಲ್ಲಿಯ ವಾಘ್ಯಾಗಳು ದೇವರ ನಾಯಿಗಳೆಂದೇ ತಮ್ಮನ್ನು ಕರೆದುಕೊಂಡವರು. ಕುರಿ ಕಾಯುವವರ ದೇವರು ಅವನು, ಕುರಿ ಕಾಯುವವರ ನಾಯಿಗೂ ಹಿಂಡಿನ ನಡಿಗೆಯೇ ವೇಗ. ಬೇಟೆಯಲ್ಲಿ ಮಾತ್ರ ನಾಯಿ ಕುದುರೆಯ ಜೊತೆ ದೌಡಾಯಿಸುತ್ತಿತ್ತು. ಅದು ನಿಮಿಷಗಳ ಲೆಕ್ಕದ ಓಟ, ಆಮೇಲೆ ಗಂಟೆಗಟ್ಟಲೆ ವಿಶ್ರಾಂತಿ. ಒಂದೋ ನಿಧಾನದ ದೂರ, ಇಲ್ಲವೇ ಚುರುಕಿನ ಗಳಿಗೆ. ಎರಡನ್ನೂ ಸೇರಿಸಿ ಒಂದೂವರೆ ಗಂಟೆ ವೇಗವಾಗಿ ಓಡು ಎಂದು ನಾಯಿಗೆ ಹೇಳಿದ ಮೊದಲ ವಾಹನ ಬಹುಶಃ ಸೈಕಲ್ಲೇ.

ಗುಡ್ಡದ ಸೈಕಲ್ಲಿನಲ್ಲಿ ಒಂದು ಮೋಸವಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏರುವಾಗ ನಾಯಿಯೇ ನಮಗಿಂತ ಗಟ್ಟಿ. ನಾವು ಕೊನೆಯ ಗೇರಿನಲ್ಲಿ ಉಸಿರು ಬಿಡುತ್ತ ಗಂಟೆಗೆ 6 ಕಿ.ಮೀ. ಹೋಗುತ್ತಿದ್ದರೆ ಅದು ಪೊದೆ ಮೂಸಿ, ಕಾಲೆತ್ತಿ, ಮುಂದೆ ಹೋಗಿ ತಿರುವಿನಲ್ಲಿ ಕೂತು ಕಾಯುತ್ತದೆ. ಇಷ್ಟು ಶಕ್ತಿ ಇರುವ ಪ್ರಾಣಿಗೆ ಏನೂ ಆಗುವುದಿಲ್ಲ ಎಂದು ನಮಗೆ ಆಗಲೇ ಅನಿಸಿಬಿಡುತ್ತದೆ. ತುದಿ ಮುಟ್ಟಿ, ಫೋಟೋ ತೆಗೆದು, ಇಳಿಯಲು ಶುರು ಮಾಡುತ್ತೇವೆ. ಈಗ ನಮಗೆ ಶ್ರಮವೇ ಇಲ್ಲ. ಗಂಟೆಗೆ 25, 30 ಕಿ.ಮೀ. ವೇಗವನ್ನು ಗುಡ್ಡವೇ ಪುಕ್ಕಟೆ ಕೊಡುತ್ತದೆ. ನಾಯಿಗೆ ಆ ಪುಕ್ಕಟೆ ಇಲ್ಲ. ಮಧ್ಯಮ ಗಾತ್ರದ ನಾಯಿ ಆರಾಮವಾಗಿ ಜಾಗಿಂಗಿನಂತೆ ಹೋಗುವುದು ಗಂಟೆಗೆ 10ರಿಂದ 15 ಕಿ.ಮೀ. ಅದಕ್ಕಿಂತ ಮೇಲೆ ಹೋದರೆ ನಾಗಾಲೋಟ. ಪ್ರತಿ ನೆಗೆತಕ್ಕೂ ಇಡೀ ಮೈಯ ಭಾರ ಮುಂಗಾಲುಗಳ ಮೇಲೆ ಬೀಳುತ್ತದೆ, ಕೆಳಗೆ ಜಲ್ಲಿಕಲ್ಲು. ಏರಿನಲ್ಲಿ ಅದು ನಮಗಾಗಿ ಕಾದಿತ್ತು. ಇಳಿಜಾರಿನಲ್ಲಿ ಅದಕ್ಕಾಗಿ ಕಾಯುವವರು ಕಡಿಮೆ, ಯಾಕೆಂದರೆ ಇಳಿಜಾರಿಗೆಂದೇ ಸೈಕಲ್ಲಿಗೆ ಲಕ್ಷ ರೂಪಾಯಿ ಸುರಿದಿರುತ್ತೇವೆ.

ಇನ್ನು ಶಾಖ. ನಮಗೆ ಮೈಯೆಲ್ಲ ಬೆವರುತ್ತದೆ. ಓಡುವ ಸೈಕಲ್ಲಿನ ಮೇಲೆ ಗಾಳಿ ಬೀಸಿ ಆ ಬೆವರು ಆರುತ್ತದೆ, ತಂಪೆನಿಸುತ್ತದೆ. ನಾಯಿ ಬೆವರುವುದು ಪಾದದ ಮೆತ್ತೆಗಳಲ್ಲಿ ಮಾತ್ರ, ಅದೂ ಚೂರು. ಉಳಿದದ್ದೆಲ್ಲ ನಾಲಿಗೆ ಮತ್ತು ಏದುಸಿರಿನ ಮೂಲಕವೇ ಆಗಬೇಕು. ಅದರ ಸಹಜ ಉಷ್ಣಾಂಶವೇ 38ರಿಂದ 39 ಡಿಗ್ರಿಯ ಆಸುಪಾಸು. 41 ದಾಟಿದರೆ ಒಳಗಿನ ಅಂಗಗಳಿಗೆ ಪೆಟ್ಟು ಬೀಳುವ ಭಯ. ನಡುವೆ ಇರುವುದು ಎರಡೇ ಎರಡು ಡಿಗ್ರಿ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ನಾಲಿಗೆಯ ನೀರು ಆರುವುದಿಲ್ಲ, ಏದುಸಿರು ಬಿಟ್ಟರೂ ಮೈ ತಣಿಯುವುದಿಲ್ಲ. ಆದ್ದರಿಂದ ನಮಗೆ ಹಿತವೆನಿಸುವ ಬೆಳಗು ನಾಯಿಗೆ ಹಿತವೇ ಆಗಿರಬೇಕಿಲ್ಲ.

ಇದು ಬಿಸಿಲ ನಾಡಿನವರ ಭಯ ಮಾತ್ರ ಎಂದುಕೊಳ್ಳಬೇಡಿ. ಬ್ರಿಟನ್ನಿನ ಸಂಶೋಧಕರು ಅಲ್ಲಿಯ ಪಶುವೈದ್ಯರ ದಾಖಲೆಗಳನ್ನು ಜಾಲಾಡಿ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶಾಖದಿಂದ ಕಾಯಿಲೆ ಬಿದ್ದ ನಾಯಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಓಟ, ಆಟ, ನಡಿಗೆಗಳ ಶ್ರಮದಿಂದ ಬಿದ್ದಂಥವು. ನಾವೆಲ್ಲ ಹೆದರುವ, ಬಾಗಿಲು ಹಾಕಿದ ಕಾರಿನೊಳಗೆ ಬಿಟ್ಟು ಹೋದ ಪ್ರಕರಣಗಳು ನೂರಕ್ಕೆ ಐದರ ಆಸುಪಾಸು. ಇಂಗ್ಲೆಂಡಿನ ಹವೆಯಲ್ಲೇ ಹೀಗಾದರೆ ಪುಣೆಯ ಮಾರ್ಚ್ ತಿಂಗಳ ಗತಿ ಏನು?

ಪುಣೆಯ ಮಾರ್ಚ್ ತಿಂಗಳಲ್ಲಿ ಏನಾಗುತ್ತದೆಂದು ನಾನೇ ನೋಡಿದ್ದೇನೆ. ಎರಡು ವರ್ಷದ ಹಿಂದೆ, ಊರಿನ ಹೊರಗಿನ ಒಂದು ಬೋಳುಗುಡ್ಡದಲ್ಲಿ. ನಮ್ಮ ಗುಂಪಿನದಲ್ಲದ ಒಬ್ಬ ಯುವಕ, ಅವನ ಹಿಂದೆ ತಿಳಿಹಳದಿ ಬಣ್ಣದ ಲ್ಯಾಬ್ರಡಾರ್. ಒಂಬತ್ತೂವರೆ ಗಂಟೆ, ಬಿಸಿಲು ಏರಿತ್ತು. ನಾಯಿ ಹಿಂದೆ ಬಿದ್ದು ಒಂದು ಕಾರೆ ಪೊದೆಯ ಅರೆನೆರಳಲ್ಲಿ ಮಲಗಿತು. ನಾಲಿಗೆಯ ತುದಿ ಅಗಲವಾಗಿ ಚಪ್ಪಟೆಯಾಗಿ ಜೋತಾಡುತ್ತಿತ್ತು. ಯುವಕ ಕೆಟ್ಟವನೇನಲ್ಲ. ಸೈಕಲ್ ತಿರುಗಿಸಿ ಬಂದ, ಬಾಟಲಿಯಿಂದ ನೀರು ಕುಡಿಸಿದ, ತಲೆ ಸವರಿದ. ಆಮೇಲೆ ಹೊರಟು, ಹಿಂತಿರುಗಿ ಪ್ರೀತಿಯಿಂದಲೇ ಕರೆದ. ನಾಯಿ ಎದ್ದಿತು. ಬಾಲ ಕೂಡ ಆಡಿಸಿತು. ಇನ್ನೂರು ಹೆಜ್ಜೆ ಓಡಿರಬಹುದು, ಹಿಂಗಾಲು ಓಲಾಡಿ ಪಕ್ಕಕ್ಕೆ ಬಿತ್ತು.

ಅಲ್ಲಿ ಸೇರಿದವರು ಹತ್ತು ಜನ, ಹತ್ತು ಸಲಹೆ. ಬಿಸಿ ಮೈಗೆ ತಣ್ಣೀರು ಹಾಕಿದರೆ ಆಘಾತವಾಗುತ್ತದೆ ಎಂದು ಒಬ್ಬರು ಬಾಟಲಿ ಕಿತ್ತುಕೊಂಡರು. ಮೊದಲು ಆಸ್ಪತ್ರೆ ಎಂದು ಇನ್ನೊಬ್ಬರು ಕಾರು ತರಲು ಓಡಿದರು. ಈಗ ಪಶುವೈದ್ಯರು ಹೇಳುವುದು ಇದಕ್ಕೆ ಉಲ್ಟಾ. ಮೊದಲು ಅಲ್ಲೇ ತಣಿಸಬೇಕು, ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಹಾಕಬೇಕು, ಆಮೇಲೆ ಸಾಗಿಸಬೇಕು. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬಾರದು, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ. ಪ್ರಜ್ಞೆ ಇಲ್ಲದ ನಾಯಿಯ ಬಾಯಿಗೆ ನೀರು ಹುಯ್ಯಬಾರದು. ಅಂದು ಇದು ಯಾರಿಗೂ ಗೊತ್ತಿರಲಿಲ್ಲ. ಆಡು ಮೇಯಿಸುತ್ತಿದ್ದ ಒಬ್ಬ ಮುದುಕರು ಮಾತ್ರ ಯಾರನ್ನೂ ಕೇಳದೆ ತಮ್ಮ ಕ್ಯಾನಿನ ನೀರನ್ನೆಲ್ಲ ಅದರ ಹೊಟ್ಟೆಗೂ ತೊಡೆಗೂ ಸುರಿದರು. ನಾಯಿ ಅಂದು ಉಳಿಯಿತು. ಮರುದಿನ ರಾತ್ರಿ ಸತ್ತಿತು ಎಂದು ಆಮೇಲೆ ತಿಳಿಯಿತು.

ಆ ಬೆಳಗಿನಿಂದ ನನ್ನ ತಲೆಯಲ್ಲಿ ಕೂತದ್ದು ಅದು ಬಿದ್ದ ಗಳಿಗೆಯಲ್ಲ. ಕರೆದಾಗ ಅದು ಎದ್ದಿತಲ್ಲ, ಆ ಗಳಿಗೆ. ಕತ್ತೆಯಾದರೆ ಏಳುತ್ತಿರಲಿಲ್ಲ. ಎಮ್ಮೆ ಏಳುತ್ತಿರಲಿಲ್ಲ. ಬೆಕ್ಕಂತೂ ಗುಡ್ಡಕ್ಕೇ ಬರುತ್ತಿರಲಿಲ್ಲ. ನಾಯಿಯನ್ನು ಸಾವಿರಾರು ವರ್ಷ ಸಾಕಿ, ಆರಿಸಿ, ಕರೆದರೆ ಬರುವಂತೆ ಮಾಡಿದವರು ನಾವು. ಒಲ್ಲೆ ಎನ್ನುವ ಶಕ್ತಿಯನ್ನು ಅದರಿಂದ ತೆಗೆದುಹಾಕಿ, ಆಮೇಲೆ ಅದು ಖುಷಿಯಿಂದಲೇ ಬಂತು ನೋಡಿ ಎಂದರೆ ಆ ಸಾಕ್ಷಿಗೆ ಬೆಲೆಯೇನು? ಕನ್ನಡದಲ್ಲಿ ಸಾಕು ಎಂಬ ಒಂದೇ ಶಬ್ದ ಎರಡು ಕೆಲಸ ಮಾಡುತ್ತದೆ. ಸಾಕು ನಾಯಿ ಎನ್ನುವಾಗ ಒಂದು, ಇನ್ನು ಸಾಕು ಎನ್ನುವಾಗ ಇನ್ನೊಂದು. ವ್ಯಾಕರಣದವರು ಇವೆರಡಕ್ಕೂ ನಂಟಿಲ್ಲ ಎನ್ನಬಹುದು. ನಾಯಿ ಇಟ್ಟುಕೊಂಡವರಿಗೆ ನಂಟು ಇರಲೇಬೇಕು.

ಮಹಾಭಾರತದ ಕೊನೆಯಲ್ಲಿ ಬರುವ ನಾಯಿ ನಮ್ಮಲ್ಲಿ ಸ್ವಾಮಿನಿಷ್ಠೆಗೆ ಉದಾಹರಣೆಯಾಗಿ ಹೋಗಿದೆ. ಪಾಂಡವರು ಹಿಮಾಲಯ ಏರುತ್ತಾರೆ, ದ್ರೌಪದಿಯಿಂದ ಭೀಮನವರೆಗೆ ಒಬ್ಬೊಬ್ಬರಾಗಿ ಬೀಳುತ್ತಾರೆ, ಯಾರೂ ಕರೆಯದೆ ಬಂದ ನಾಯಿ ಮಾತ್ರ ಧರ್ಮರಾಯನ ಹಿಂದೆ ಉಳಿಯುತ್ತದೆ. ಆದರೆ ಆ ಕತೆಯಲ್ಲಿ ಪರೀಕ್ಷೆಗೆ ಒಳಗಾದದ್ದು ನಾಯಿಯಲ್ಲ. ಇಂದ್ರ ರಥ ತಂದು ನಿಲ್ಲಿಸುತ್ತಾನೆ, ನಾಯಿಯನ್ನು ಬಿಟ್ಟು ಹತ್ತು ಎನ್ನುತ್ತಾನೆ, ಧರ್ಮರಾಯ ಹತ್ತುವುದಿಲ್ಲ. ಕಾರ್ಬನ್ ಫ್ರೇಮಿನ ಸೈಕಲ್ಲಿಗಿಂತ ಒಳ್ಳೆಯ ವಾಹನ ಎದುರಿಗಿದ್ದರೂ ನಾಯಿಯ ಪಕ್ಕ ನೆಲದ ಮೇಲೆ ನಿಂತೇ ಇರುತ್ತಾನೆ. 2022ರ '777 ಚಾರ್ಲಿ' ಸಿನಿಮಾದಲ್ಲಿ ನಾಯಕನಿಗೆ ಧರ್ಮ ಎಂದೇ ಹೆಸರಿಟ್ಟವರಿಗೆ ಈ ಕತೆ ಗೊತ್ತಿತ್ತು. ಅವನೂ ನಾಯಿಗೆ ಹಿಮ ತೋರಿಸಲು ಹೊರಡುತ್ತಾನೆ. ಬೈಕಿನ ಹಿಂದೆ ಓಡಿಸುವುದಿಲ್ಲ, ಪಕ್ಕದಲ್ಲಿ ಸೈಡ್‌ಕಾರ್ ಕಟ್ಟಿ ಕೂರಿಸಿಕೊಂಡು ಹೋಗುತ್ತಾನೆ.

ಇಷ್ಟೆಲ್ಲ ಓದಿದ ಮೇಲೆ ಎರಡನೆಯ ಪಕ್ಷದವರು, ನಾವು ಹೇಳಿದ್ದೂ ಇದೇ, ನಾಯಿಯನ್ನು ಮನೆಯಲ್ಲಿಡಿ ಎನ್ನಬಹುದು. ಯಾವ ಮನೆಯಲ್ಲಿ? ಹನ್ನೊಂದನೆಯ ಮಹಡಿಯ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲೇ? ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಸೊಸೈಟಿಯ ಗೋಡೆಗುಂಟ ಕೆಲಸದವರ ಕೈಯಲ್ಲಿ ಒಂದು ಸುತ್ತು, ಉಳಿದ ಇಪ್ಪತ್ತಮೂರು ಗಂಟೆ ನಲವತ್ತು ನಿಮಿಷ ಟೈಲ್ಸ್ ಮೇಲೆ. ಆ ನಾಯಿಯೂ ಸಾಯುತ್ತಿದೆ, ನಿಧಾನವಾಗಿ ಸಾಯುತ್ತಿದೆ, ಅಷ್ಟೇ. ಬೊಜ್ಜು, ಕೀಲುನೋವು, ಬಾಗಿಲು ಕೆರೆಯುವ ಚಟ, ಗಂಟೆ ಸದ್ದಾದರೆ ಹುಚ್ಚೆದ್ದು ಬೊಗಳುವುದು. ಅದನ್ನು ವಿಡಿಯೋ ಮಾಡಿ ಯಾರೂ ಕ್ರೌರ್ಯ ಎಂದು ಹಾಕುವುದಿಲ್ಲ.

ಈ ವಿಷಯದಲ್ಲಿ ನಮ್ಮ ಕಾನೂನು ನಮ್ಮ ಎರಡೂ ಪಕ್ಷಗಳಿಗಿಂತ ಜಾಣತನದ್ದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ತೆಗೆದು ನೋಡಿ. ಹೊಡೆಯುವುದು, ಒದೆಯುವುದರ ಜೊತೆಗೇ ಪ್ರಾಣಿಯನ್ನು ಮಿತಿಮೀರಿ ಓಡಿಸುವುದೂ ಅಲ್ಲಿ ಹಿಂಸೆಯೆಂದು ಬರೆದಿದೆ. ಅದೇ ಪಟ್ಟಿಯಲ್ಲಿ ಸ್ವಲ್ಪ ಕೆಳಗೆ, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಮಟ್ಟಿಗೆ ವ್ಯಾಯಾಮ ಮಾಡಿಸದಿರುವುದನ್ನೂ ಹಿಂಸೆಯೆಂದೇ ಸೇರಿಸಿದೆ. ಅರವತ್ತೈದು ವರ್ಷ ಹಿಂದಿನ ಶಾಸನದಲ್ಲಿ ನಾಯಿಯನ್ನು ಹೆಸರಿಟ್ಟು ಹೇಳಿದ ಮಾತು ಇದು. ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಎಂಬುದು ಬೇರೆ ಕತೆ. ಟೇಕಡಿಯ ಕೆಳಗೆ ಒಂದು ಪ್ಲೇಟ್ ಮಿಸಳ್ ತಿಂದರೆ ಅದಕ್ಕಿಂತ ಹೆಚ್ಚಾಗುತ್ತದೆ.

ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಗೆಳೆಯರೊಬ್ಬರ ಬಳಿ ಮುಧೋಳ ನಾಯಿ ಇದೆ. ಊರಿನ ಅಭಿಮಾನ ಅವರಿಗೆ. 2005ರಲ್ಲಿ ಅಂಚೆ ಇಲಾಖೆ ನಮ್ಮ ದೇಶದ ನಾಲ್ಕು ತಳಿಗಳ ಮೇಲೆ ಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು ಎಂಬುದನ್ನು ಹೊಸಬರಿಗೆ ಹೇಳದೆ ಬಿಡುವುದಿಲ್ಲ. ಮರಾಠಿ ಗೆಳೆಯರು ಇದು ನಮ್ಮ ಕಾರವಾನಿ ಎಂದರೆ ಗಡಿ ವಿವಾದವೇ ಶುರುವಾಗುತ್ತದೆ. "ಇದು ಓಡಾಕ ಹುಟ್ಟಿದ್ದು ನೋಡ್ರಿ. ಮನ್ಯಾಗ ಕಟ್ಟಿಹಾಕಿದ್ರ ಪಾಪ ಹತ್ತತೈತಿ" ಎಂಬುದು ಅವರ ವಾದ. ಪಾಪದ ಮಾತು ನಿಜ. ಓಟದ ಮಾತು ಅರ್ಧ ನಿಜ. ಮುಧೋಳ ಕಣ್ಣಿನಿಂದ ಬೇಟೆಯಾಡುವ ತಳಿ. ವಾಸನೆ ಹಿಡಿದು ತಾಸುಗಟ್ಟಲೆ ಹೋಗುವುದಕ್ಕಿಂತ, ಕಂಡ ಮೊಲದ ಹಿಂದೆ ಬಾಣದಂತೆ ಹೋಗುವುದಕ್ಕೆ ಬೆಳೆಸಿದ್ದು. ಅದಕ್ಕೆ ಸೈಕಲ್ ಒಂದು ನೆಪ. ನಡುವೆ ನವಿಲು ಕಂಡರೆ ಸವಾರನೂ ಇಲ್ಲ, ಹೆಸರು ಹಿಡಿದು ಕೂಗುವ ದನಿಯೂ ಇಲ್ಲ. ಒಂದು ಸಲ ಮುಕ್ಕಾಲು ಗಂಟೆ ಅದನ್ನು ಹುಡುಕಿದೆವು. ಸಿಕ್ಕಾಗ ಎದೆಯ ಚರ್ಮ ಮುಳ್ಳುತಂತಿಗೆ ಸಿಕ್ಕಿ ಹರಿದಿತ್ತು. "ಓಡಾಕ ಹುಟ್ಟಿದ್ದು ಖರೆ, ನಿಲ್ಲಾಕ ಕಲಿಸೂದು ನಮ್ ಕೆಲಸ ಇತ್ತು" ಎಂದು ಅವರೇ ಅಂದರು. ಈಗ ಅದು ನಾಲ್ಕು ಕಡೆ ಬೇಲಿ ಇರುವ ಮೈದಾನದಲ್ಲಿ ಹತ್ತು ನಿಮಿಷ ಓಡಿ, ಉಳಿದ ದಿನ ಸೋಫಾದ ಮೇಲೆ ರಾಜನಂತೆ ಮಲಗುತ್ತದೆ.

ನವಿಲಿನ ಮಾತು ಬಂತು. ಗುಡ್ಡ ನಮ್ಮದಲ್ಲ ಎಂಬುದನ್ನು ಸೈಕಲ್ ಸವಾರರು ಆಗಾಗ ಮರೆಯುತ್ತಾರೆ. ವೇತಾಳ ಟೇಕಡಿಯಂಥ ಊರೊಳಗಿನ ಗುಡ್ಡದಲ್ಲೂ ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳಿವೆ. ಬಿಟ್ಟ ನಾಯಿ ಕಚ್ಚದಿದ್ದರೂ ಸರಿ, ಬಂದು ಮೂಸಿದರೂ ತಾಯಿ ಹಕ್ಕಿ ಏಳುತ್ತದೆ, ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ರೋಗದ ಭಯವೂ ಇದೆ. 2018ರಲ್ಲಿ ಗಿರ್ ಕಾಡಿನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸಾಲಾಗಿ ಸತ್ತಾಗ ಹಲವುಗಳಲ್ಲಿ ಸಿಕ್ಕಿದ್ದು ನಾಯಿಗಳಲ್ಲಿ ಸಾಮಾನ್ಯವಾದ ಡಿಸ್ಟೆಂಪರ್ ವೈರಸ್. ಇನ್ನು ಚಿರತೆ. ಜುನ್ನರ್, ಅಕೋಲೆ ಕಡೆಯ ಕಬ್ಬಿನ ಗದ್ದೆಗಳಲ್ಲಿ ಅವು ಮರಿ ಹಾಕಿ ಬೆಳೆಯುತ್ತವೆ. ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಆಗಿನ ಅಹ್ಮದ್‌ನಗರ ಜಿಲ್ಲೆಯಲ್ಲಿ ಚಿರತೆಯ ಹಿಕ್ಕೆ ಪರೀಕ್ಷಿಸಿ, ಅದರ ಆಹಾರದ ತೂಕದಲ್ಲಿ ಶೇ. 39ರಷ್ಟು ನಾಯಿಯೇ ಎಂದು ತೋರಿಸಿದ್ದಾರೆ. ಅಂಥ ಕಡೆ ಮಸುಕಿನಲ್ಲಿ ನಾಯಿಯನ್ನು ಬಿಟ್ಟು ಸೈಕಲ್ ತುಳಿಯುವುದನ್ನು ಸಾಹಸ ಎನ್ನಲಾರೆ, ಚಿರತೆಗೆ ತಟ್ಟೆ ಹಾಕಿದಂತೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ವಿಷಯದಲ್ಲಿ ಚರ್ಚೆಯೇ ಬೇಡ, ನಾಯಿ ಬೇಡ. ಮುಂಬಯಿಯ ಓದುಗರು ಸಂಜಯ್ ಗಾಂಧಿ ಉದ್ಯಾನದ ಅಂಚನ್ನೂ ಈ ಲೆಕ್ಕಕ್ಕೇ ಸೇರಿಸಿಕೊಳ್ಳಬೇಕು.

ಮುಂಬಯಿ, ಚೆನ್ನೈಗಳಲ್ಲಿ ತೊಂದರೆ ಬಿಸಿಲಿಗಿಂತ ತೇವದ್ದು. ಅಲ್ಲಿ ಓಟಕ್ಕೆ ಸಿಗುವ ದಿನಗಳು ಡಿಸೆಂಬರ್, ಜನವರಿಯ ಕೆಲವೇ ಬೆಳಗುಗಳು. ಹೈದರಾಬಾದಿನ ಬಂಡೆಗುಡ್ಡಗಳು ನೋಡಲು ಚೆಂದ, ಆದರೆ ಬಂಡೆ ರಾತ್ರಿಯಿಡೀ ಶಾಖ ಕಕ್ಕುತ್ತದೆ. ಅಂಗೈಯ ಹಿಂಬದಿಯನ್ನು ನೆಲಕ್ಕಿಟ್ಟು ಐದಾರು ಸೆಕೆಂಡು ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ದೆಹಲಿಯವರಿಗೆ ಚಳಿಯಿದೆ, ಅರಾವಳಿಯ ಕಾಲುದಾರಿಗಳಿವೆ, ಆದರೆ ಚಳಿ ಬರುವ ಹೊತ್ತಿಗೇ ಹೊಗೆಯೂ ಬರುತ್ತದೆ. ನಾವು ಮಾಸ್ಕ್ ಹಾಕಿ ತುಳಿಯುವ ನವೆಂಬರಿನಲ್ಲಿ ಬಾಯ್ದೆರೆದು ಏದುಸಿರು ಬಿಡುವ ಪ್ರಾಣಿಯನ್ನು ಪಕ್ಕದಲ್ಲಿ ಓಡಿಸುವುದು ಯಾಕೆ? ಮಳೆಗಾಲದಲ್ಲಿ ಎಲ್ಲ ಊರಿಗೂ ಒಂದೇ ಮಾತು. ಹುಲ್ಲಿನಲ್ಲಿ ಉಣ್ಣೆ, ಹೊಂಡದ ನೀರಿನಲ್ಲಿ ಇಲಿಜ್ವರ. ಲಸಿಕೆ ಹಾಕಿಸಿ, ಮನೆಗೆ ಬಂದ ಮೇಲೆ ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ ಹುಡುಕಿ.

ನಮ್ಮ ಮನೆಯ ಕೆಂಪಿ ಬೀದಿಯಿಂದ ಬಂದವಳು, ಈಗ ಆರು ವರ್ಷ. ಅವಳಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಮಕ್ಕಳು ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸುವ ಮನೆಯಲ್ಲಿ ಅಪ್ಪಟ ಕನ್ನಡಿಗಳು ಅವಳೊಬ್ಬಳೇ. ಸೈಕಲ್ ಹಿಡಿಯುವ ಮುಂಚೆ ಎರಡು ತಿಂಗಳು ಅವಳಿಗೆ ಕಲಿಸಿದ್ದು ಮೂರೇ ಶಬ್ದ: ನಿಲ್ಲು, ಹಿಂದೆ, ಬಿಡು. ಈ ಮೂರು ಬಾರದ ನಾಯಿಯನ್ನು ಸೈಕಲ್ಲಿನ ಹತ್ತಿರ ತರಲೇಬಾರದು, ಯಾಕೆಂದರೆ ಮುಂದಿನ ಚಕ್ರಕ್ಕೆ ಅಡ್ಡ ಬಂದರೆ ಇಬ್ಬರ ಮೂಳೆಯೂ ಹೋಗುತ್ತದೆ. ಡಿಸ್ಕ್ ಬ್ರೇಕಿನ ತಟ್ಟೆ ಕತ್ತಿಯಂಥದ್ದು, ಇಳಿಜಾರಿನ ನಂತರ ಕಾದಿರುತ್ತದೆ ಕೂಡ. ನಾಯಿಯ ಮೂತಿ, ಬಾಲ ಅದಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಹಗ್ಗವನ್ನು ಹ್ಯಾಂಡಲಿಗೆ ಸುತ್ತುವವರನ್ನು ಕಂಡರೆ ಅಪರಿಚಿತರಾದರೂ ನಿಲ್ಲಿಸಿ ಹೇಳುತ್ತೇನೆ. ಜನ ಸಂಚಾರ ಇರುವ ಕಡೆ ಇಳಿದು, ಹಗ್ಗ ಕೈಯಲ್ಲಿ ಹಿಡಿದು, ಸೈಕಲ್ ತಳ್ಳುವುದೇ ಸರಿ. ಬೀದಿನಾಯಿಗಳ ಗಲ್ಲಿ ದಾಟುವಾಗಲೂ ಅಷ್ಟೇ. ಸೈಕಲ್ ಒಂದೇ ಅವುಗಳಿಗೆ ಸಾಕಷ್ಟು ಸಿಟ್ಟು ತರಿಸುತ್ತದೆ, ಜೊತೆಗೆ ಪರಗಲ್ಲಿಯ ನಾಯಿಯೂ ಬಂದರೆ ಕೇಳಬೇಕೆ?

ವಯಸ್ಸಿನ ವಿಷಯವನ್ನು ಪಶುವೈದ್ಯರ ಹತ್ತಿರವೇ ಮಾತಾಡಿ. ಮರಿಯ ಮೂಳೆಯ ತುದಿಗಳು ಗಟ್ಟಿಯಾಗಲು ವರ್ಷ ಬೇಕು, ದೊಡ್ಡ ತಳಿಗಳಿಗೆ ಒಂದೂವರೆ ವರ್ಷವೂ ಬೇಕಾಗಬಹುದು. ಅಷ್ಟರವರೆಗೆ ಸೈಕಲ್ಲಿನ ಓಟ ಬೇಡ. ಪಗ್, ಬುಲ್‌ಡಾಗ್‌ಗಳಂಥ ಚಪ್ಪಟೆ ಮೂತಿಯವಕ್ಕೆ ಯಾವ ವಯಸ್ಸಿನಲ್ಲೂ ಬೇಡ, ಅವು ಸುಮ್ಮನೆ ಕೂತಾಗಲೇ ಉಸಿರಿಗೆ ಒದ್ದಾಡುತ್ತವೆ. ಹಸ್ಕಿಯನ್ನು ಪುಣೆಗೆ ತಂದವರ ಬಗ್ಗೆ ನನ್ನ ಅಭಿಪ್ರಾಯವನ್ನು ಇನ್ನೊಂದು ಪ್ರಬಂಧಕ್ಕೆ ಇಟ್ಟುಕೊಂಡಿದ್ದೇನೆ.

ಕೆಂಪಿಯ ಜೊತೆ ಹೋಗುವ ದಿನ ನನ್ನ ಸೈಕಲ್ಲಿನ ಮೀಟರ್ ನೋಡಿದರೆ ನಗು ಬರುತ್ತದೆ. ಐದು ಕಿಲೋಮೀಟರಿಗೆ ಒಂದು ಗಂಟೆ ಹತ್ತು ನಿಮಿಷ. ಅವಳು ಒಂದು ಕಲ್ಲನ್ನು ಮೂರು ದಿಕ್ಕಿನಿಂದ ಮೂಸುತ್ತಾಳೆ. ನಾಯಿಗೆ ಗುಡ್ಡವೆಂದರೆ ಮೂಗಿನಿಂದ ಓದುವ ಪತ್ರಿಕೆ, ಓಡಿಸಿಕೊಂಡು ಹೋದರೆ ತಲೆಬರಹವನ್ನೂ ಓದಲಾಗದು. ಇಳಿಜಾರಿನಲ್ಲಿ ಅವಳು ಮುಂದೆ, ನಾನು ಎರಡೂ ಬ್ರೇಕ್ ಹಿಡಿದು ಹಿಂದೆ. ಹಿಂದೆ ಇದ್ದರೆ ಅವಳ ಕಾಲು ಕುಂಟುವುದು, ನಾಲಿಗೆ ಅಗಲವಾಗುವುದು, ನೆರಳು ಕಂಡಲ್ಲಿ ತಡೆದು ನಿಲ್ಲುವುದು ನನ್ನ ಕಣ್ಣಿಗೆ ಬೀಳುತ್ತದೆ. ಮುಂದೆ ಹೋಗಿ ಶಿಳ್ಳೆ ಹಾಕುವ ಸವಾರನಿಗೆ ಇವು ಯಾವುವೂ ಕಾಣುವುದಿಲ್ಲ. ನೀರು ಇಬ್ಬರಿಗೂ ಬೇರೆ ಬೇರೆ, ಅವಳದ್ದು ಒಂದು ಲೀಟರ್, ಅದರಲ್ಲಿ ಅರ್ಧ ಹೊಟ್ಟೆಗೆ, ಅರ್ಧ ಮೈಗೆ.

ನಮ್ಮ ಗುಂಪಿನಲ್ಲಿ ಈಗ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಭಾನುವಾರದ ರೈಡಿಗೆ ನಾಯಿ ಇಲ್ಲ, ಯಾರದ್ದೂ ಇಲ್ಲ. ನಾಯಿ ಇರುವ ನಾಲ್ವರು ಬುಧವಾರ ಬೆಳಗ್ಗೆ ಆರೂಕಾಲಿಗೆ ಸೇರುತ್ತೇವೆ, ಏಳೂವರೆಗೆ ಕೆಳಗಿರುತ್ತೇವೆ. ನವೆಂಬರಿನಿಂದ ಫೆಬ್ರವರಿವರೆಗೆ ಮಾತ್ರ. ಹಿಂದೆ ಬಿದ್ದ ನಾಯಿಯ ಯಜಮಾನ ಅಲ್ಲಿಂದಲೇ ವಾಪಸು ಹೋಗಬೇಕು, ಉಳಿದವರು ಬಾ ಬಾ ಎಂದು ಕರೆಯಬಾರದು. ಈ ವರ್ಷ ಫೆಬ್ರವರಿಯ ಮೂರನೆಯ ವಾರಕ್ಕೇ ಬೆಳಗಿನ ಗಾಳಿ ಬೆಚ್ಚಗಾದದ್ದರಿಂದ ಬುಧವಾರದ ಸುತ್ತನ್ನು ಬೇಗ ನಿಲ್ಲಿಸಿದೆವು. ಕೆಂಪಿ ಎರಡು ಬುಧವಾರ ಸೈಕಲ್ಲಿನ ಹತ್ತಿರ ಹೋಗಿ ಕೂತಳು, ಮೂರನೆಯ ಬುಧವಾರ ಕೂರಲಿಲ್ಲ. ಸಂಜೆ ಹೊತ್ತು ಮುಳುಗಿದ ಮೇಲೆ ಇಬ್ಬರೂ ನಡೆದು ಹೋಗುತ್ತಿದ್ದೇವೆ.